‘ಕಡತ ಬಳಕೆಯಲ್ಲಿದೆ’ ಎಂದು ಗಣಕಯಂತ್ರ ತಡೆದಾಗ

ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ

ವಿಷಯ: ಗಣಕಯಂತ್ರದಲ್ಲಿ ಅಳಿಸಲಾಗದೆ ಉಳಿಯುವ ಕಡತಗಳನ್ನು ಸುರಕ್ಷಿತವಾಗಿ ತೆಗೆದುಹಾಕುವ ಕುರಿತು.



ಗ್ರಾಮ ಸಭೆಯಲ್ಲಿ ವಸತಿ ಫಲಾನುಭವಿಗಳ ಕರಡು ಪಟ್ಟಿಗೆ ತಿದ್ದುಪಡಿಯಾಗಿ, ಕಚೇರಿಯ ಗಣಕಯಂತ್ರದಲ್ಲಿ ಹೊಸ ಪಟ್ಟಿ ಸಿದ್ಧವಾಗಿದೆ ಎಂದು ಭಾವಿಸಿರಿ. ಹಳೆಯ ಪಟ್ಟಿಯೂ ಅದೇ ಫೋಲ್ಡರ್‌ನಲ್ಲಿ ಹೆಚ್ಚುಕಡಿಮೆ ಅದೇ ಹೆಸರಿನಲ್ಲಿ ಉಳಿದಿದೆ. ಅದನ್ನು ತೆಗೆಯಲು ಹೊರಟರೆ, ಕಡತವು ಮತ್ತೊಂದು ತಂತ್ರಾಂಶದಲ್ಲಿ ತೆರೆದಿರುವುದರಿಂದ ಈ ಕಾರ್ಯ ಸಾಧ್ಯವಿಲ್ಲ ಎಂಬ ಸಂದೇಶ ಪರದೆಯ ಮೇಲೆ ಮೂಡುತ್ತದೆ. ಬೇಸತ್ತು ಹಾಗೆಯೇ ಬಿಟ್ಟರೆ, ಮುಂದೊಂದು ದಿನ ಸೂಚನಾ ಫಲಕಕ್ಕೆ ಹಳೆಯ ಪಟ್ಟಿಯೇ ಏರಬಹುದು. ಅರ್ಹ ಕುಟುಂಬವೊಂದು ತನ್ನ ಹೆಸರು ಕಾಣದೆ ಹಿಂದಿರುಗಬಹುದು. ಬಲವಂತವಾಗಿ ತೆಗೆದರೆ, ಬೇರೊಬ್ಬರು ಬರೆಯುತ್ತಿರುವ ಮಾಹಿತಿಯೇ ನಷ್ಟವಾಗಬಹುದು. ಈ ಎರಡೂ ಅಪಾಯಗಳನ್ನು ತಪ್ಪಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

1. ತಡೆಗೆ ಕಾರಣವೇನು?

ಕಾರ್ಯದರ್ಶಿಯವರು ನಗದು ಪುಸ್ತಕದಲ್ಲಿ ಬರೆಯುತ್ತಿರುವಾಗ ಯಾರೂ ಅದನ್ನು ಅವರ ಕೈಯಿಂದ ಎಳೆದುಕೊಳ್ಳುವುದಿಲ್ಲ. ಗಣಕಯಂತ್ರವೂ ಇದೇ ಶಿಸ್ತನ್ನು ಪಾಲಿಸುತ್ತದೆ. ತಂತ್ರಾಂಶವೊಂದು ಕಡತವನ್ನು ತೆರೆದಾಗ, ತನ್ನ ಕೆಲಸ ಮುಗಿಯುವವರೆಗೆ ಅದನ್ನು ಇತರರು ಅಳಿಸದಂತೆ ವಿಂಡೋಸ್ ವ್ಯವಸ್ಥೆಗೆ ತಿಳಿಸಬಹುದು. ಆ ಹಿಡಿತ ಇರುವವರೆಗೆ ಕಡತವನ್ನು ಅಳಿಸಲು ಮಾತ್ರವಲ್ಲ, ಸಾಮಾನ್ಯವಾಗಿ ಅದರ ಹೆಸರು ಬದಲಾಯಿಸಲು ಅಥವಾ ಬೇರೆಡೆಗೆ ಸ್ಥಳಾಂತರಿಸಲು ಸಹ ಆಗುವುದಿಲ್ಲ. ಆದುದರಿಂದ ಈ ಸಂದೇಶ ಯಂತ್ರದ ದೋಷವಲ್ಲ. ಅದು ಮಾಹಿತಿಯ ರಕ್ಷಣೆಗಾಗಿ ಇರುವ ತಡೆ.

ಅನುಮತಿ ಇಲ್ಲ ಎಂಬ ಸಂದೇಶ ಬಂದರೆ ಅದು ಬೇರೆಯೇ ವಿಷಯ. ಆಗ ಕಡತ ಬಳಕೆಯಲ್ಲಿದೆ ಎಂದಲ್ಲ. ಅದನ್ನು ಅಳಿಸುವ ಅಧಿಕಾರ ಆ ಬಳಕೆದಾರರ ಖಾತೆಗೆ ಇಲ್ಲವೆಂದು ಅರ್ಥ.

2. ಕಡತ ಯಾರ ಹಿಡಿತದಲ್ಲಿರಬಹುದು?

(ಅ) ಅದೇ ಗಣಕಯಂತ್ರದಲ್ಲಿ ಎಕ್ಸೆಲ್, ವರ್ಡ್ ಅಥವಾ ಪಿಡಿಎಫ್ ತಂತ್ರಾಂಶದ ಕಿಟಕಿಯೊಂದು ಕಿರಿದಾಗಿ ಕೆಳಪಟ್ಟಿಯಲ್ಲಿ ಉಳಿದಿರಬಹುದು.

(ಆ) ಫೋಲ್ಡರ್ ತೆರೆದಾಗ ಬಲಬದಿಯಲ್ಲಿ ಕಡತದ ಮುನ್ನೋಟ ತೋರಿಸುವ ಪ್ರಿವ್ಯೂ ಭಾಗವೇ ಅದನ್ನು ಹಿಡಿದಿಟ್ಟಿರಬಹುದು. ಆಲ್ಟ್ ಮತ್ತು ಪಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಈ ಭಾಗ ಮುಚ್ಚುತ್ತದೆ.

(ಇ) ಫೋಲ್ಡರ್ ಅನ್ನು ಕಚೇರಿಯ ಇತರ ಗಣಕಯಂತ್ರಗಳೊಂದಿಗೆ ಹಂಚಿಕೊಂಡಿದ್ದರೆ, ಡಾಟಾ ಎಂಟ್ರಿ ಆಪರೇಟರ್ ಅಥವಾ ಕರವಸೂಲಿಗಾರರ ಮೇಜಿನಲ್ಲಿ ಕಡತ ತೆರೆದಿರಬಹುದು. ಎಚ್ಚರಿಕೆ ಹೆಚ್ಚು ಬೇಕಾದುದು ಇಲ್ಲಿಯೇ.

(ಈ) ವೈರಸ್ ತಪಾಸಣೆ, ಮುದ್ರಣ ಅಥವಾ ಅಂತರ್ಜಾಲದ ಸಂಗ್ರಹಕ್ಕೆ ಪ್ರತಿ ಕಳುಹಿಸುವ ಕಾರ್ಯ ನಡೆಯುತ್ತಿರಬಹುದು. ಇಂತಹ ಹಿಡಿತ ಬಹುಪಾಲು ಕೆಲವೇ ನಿಮಿಷಗಳಲ್ಲಿ ತಾನಾಗಿ ಬಿಡುತ್ತದೆ.

3. ಅನುಸರಿಸಬೇಕಾದ ಕ್ರಮ

ಮೊದಲನೆಯದಾಗಿ, ಕೇಳುವುದು. ‘ಈ ಪಟ್ಟಿಯನ್ನು ಯಾರಾದರೂ ತೆರೆದಿದ್ದೀರಾ?’ ಎಂಬ ಒಂದು ಪ್ರಶ್ನೆಯಿಂದಲೇ ಸಣ್ಣ ಕಚೇರಿಯಲ್ಲಿ ಸಮಸ್ಯೆ ಬಗೆಹರಿಯಬಹುದು. ಉತ್ತರ ದೊರೆಯದಿದ್ದಲ್ಲಿ ಕಡತವನ್ನು ತೆರೆದು ನೋಡುವುದು. ಎಕ್ಸೆಲ್ ಮತ್ತು ವರ್ಡ್ ತಂತ್ರಾಂಶಗಳು ಕಡತವನ್ನು ಯಾವ ಬಳಕೆದಾರರು ತಿದ್ದುತ್ತಿದ್ದಾರೆ ಎಂಬ ಹೆಸರನ್ನು ತೋರಿಸುತ್ತವೆ. ಎಲ್ಲ ಗಣಕಯಂತ್ರಗಳಲ್ಲೂ ಬಳಕೆದಾರರ ಹೆಸರು ‘ಅಡ್ಮಿನ್’ ಎಂದೇ ಇದ್ದರೆ ಈ ಸೂಚನೆಯಿಂದ ಪ್ರಯೋಜನವಿಲ್ಲ. ಪ್ರತಿ ಮೇಜಿಗೂ ಪ್ರತ್ಯೇಕ ಹೆಸರು ನೀಡುವುದು ಸೂಕ್ತ.

ಎರಡನೆಯದಾಗಿ, ತೆರೆದಿರುವವರು ತಮ್ಮ ಕೆಲಸವನ್ನು ಸೇವ್ ಮಾಡಿ ತಂತ್ರಾಂಶವನ್ನು ಮುಚ್ಚಬೇಕು. ನಂತರ ಅಳಿಸಲು ಪುನಃ ಪ್ರಯತ್ನಿಸಬೇಕು.

ಮೂರನೆಯದಾಗಿ, ಯಾರೂ ತೆರೆದಿಲ್ಲವೆಂದು ಖಚಿತವಾದ ಮೇಲೂ ತಡೆ ಮುಂದುವರಿದರೆ, ವಿಂಡೋಸ್‌ನಲ್ಲಿರುವ ರಿಸೋರ್ಸ್ ಮಾನಿಟರ್ ತೆರೆದು, ಸಿಪಿಯು ಪುಟದ ಅಸೋಸಿಯೇಟೆಡ್ ಹ್ಯಾಂಡಲ್ಸ್ ಎಂಬ ಶೋಧ ಜಾಗದಲ್ಲಿ ಕಡತದ ಹೆಸರನ್ನು ನಮೂದಿಸಬೇಕು. ಆ ಯಂತ್ರದಲ್ಲಿ ಕಡತವನ್ನು ಹಿಡಿದಿರುವ ತಂತ್ರಾಂಶದ ಹೆಸರು ಅಲ್ಲಿ ಕಾಣುತ್ತದೆ. ಪರಿಚಿತ ತಂತ್ರಾಂಶವಾಗಿದ್ದರೆ ಅದನ್ನು ಎಂದಿನಂತೆ ಮುಚ್ಚಬೇಕು.

ನಾಲ್ಕನೆಯದಾಗಿ, ಎಲ್ಲರ ಕೆಲಸವನ್ನೂ ಸೇವ್ ಮಾಡಿಸಿ ಗಣಕಯಂತ್ರವನ್ನು ಪುನರಾರಂಭಿಸಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ವಿಂಡೋಸ್ 10 ಮತ್ತು 11ರಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಸೌಲಭ್ಯ ಚಾಲನೆಯಲ್ಲಿದ್ದರೆ, ‘ಶಟ್ ಡೌನ್’ ಮಾಡಿದಾಗ ವ್ಯವಸ್ಥೆಯ ಒಳಭಾಗದ ಸ್ಥಿತಿ ಹಾಗೆಯೇ ಉಳಿದು ಮರುದಿನ ಮುಂದುವರಿಯುತ್ತದೆ. ‘ರೀಸ್ಟಾರ್ಟ್’ ಆಯ್ಕೆ ಮಾಡಿದಾಗ ಮಾತ್ರ ಅದು ಹೊಸದಾಗಿ ಆರಂಭವಾಗುತ್ತದೆ. ಆದುದರಿಂದ ಆಫ್ ಮಾಡಿ ಆನ್ ಮಾಡುವುದರ ಬದಲು ರೀಸ್ಟಾರ್ಟ್ ಮಾಡಬೇಕು.

ಇಷ್ಟಾದರೂ ಆಗದಿದ್ದಲ್ಲಿ ತಾಲ್ಲೂಕು ಪಂಚಾಯಿತಿಯ ತಾಂತ್ರಿಕ ಸಿಬ್ಬಂದಿಯ ನೆರವು ಪಡೆಯುವುದು.

4. ಮಾಡಬಾರದ ಕೆಲಸಗಳು

ಟಾಸ್ಕ್ ಮ್ಯಾನೇಜರ್ ಮೂಲಕ ತಂತ್ರಾಂಶವನ್ನು ಬಲವಂತವಾಗಿ ನಿಲ್ಲಿಸುವುದು ಕೊನೆಯ ಉಪಾಯ. ಹಾಗೆ ನಿಲ್ಲಿಸಿದಾಗ ಸೇವ್ ಆಗದ ಮಾಹಿತಿ ನಷ್ಟವಾಗಬಹುದು. ಬೆಳಗಿನಿಂದ ನಮೂದಿಸಿದ ತೆರಿಗೆ ವಸೂಲಿಯ ವಿವರಗಳನ್ನು ಪುನಃ ರಶೀದಿ ಪುಸ್ತಕದಿಂದ ಹುಡುಕಿ ಬರೆಯಬೇಕಾದ ಸ್ಥಿತಿ ಬರಬಹುದು. ವಿದ್ಯುತ್ ಸಂಪರ್ಕ ಕಿತ್ತು ಯಂತ್ರವನ್ನು ಆರಿಸುವುದಂತೂ ಸಲ್ಲದು. ‘ಯಾವ ಕಡತವನ್ನಾದರೂ ಅಳಿಸಿಕೊಡುತ್ತೇವೆ’ ಎಂದು ಅಂತರ್ಜಾಲದಲ್ಲಿ ದೊರೆಯುವ ಅಪರಿಚಿತ ತಂತ್ರಾಂಶಗಳನ್ನು ಕಚೇರಿಯ ಯಂತ್ರದಲ್ಲಿ ಅಳವಡಿಸಬಾರದು. ಅದೇ ಯಂತ್ರದಲ್ಲಿ ನಾಗರಿಕರ ಆಧಾರ್ ಪ್ರತಿ ಹಾಗೂ ಬ್ಯಾಂಕ್ ಖಾತೆಯ ವಿವರಗಳಿರುತ್ತವೆ ಎಂಬುದನ್ನು ಮರೆಯಬಾರದು.

ಪೆನ್ ಡ್ರೈವ್ ಅಥವಾ ಹಂಚಿಕೆಯ ಫೋಲ್ಡರ್‌ನಿಂದ ಅಳಿಸಿದ ಕಡತ ಸಾಮಾನ್ಯವಾಗಿ ರಿಸೈಕಲ್ ಬಿನ್‌ಗೆ ಹೋಗುವುದಿಲ್ಲ. ಶಿಫ್ಟ್ ಕೀಲಿ ಒತ್ತಿ ಅಳಿಸಿದ ಕಡತವೂ ಅಲ್ಲಿ ಸಿಗುವುದಿಲ್ಲ. ಇಂತಹ ಸಂದರ್ಭದಲ್ಲಿ ಅಳಿಸುವ ಮುನ್ನ ಕಡತವನ್ನು ಒಮ್ಮೆ ತೆರೆದು, ತೆಗೆಯಬೇಕಾದುದು ಅದೇ ಎಂದು ಖಚಿತಪಡಿಸಿಕೊಳ್ಳಬೇಕು.

5. ಅಳಿಸಬಹುದೇ ಎಂಬ ಮೂಲ ಪ್ರಶ್ನೆ

ಹೇಗೆ ಅಳಿಸುವುದು ಎಂಬುದಕ್ಕಿಂತ, ಅಳಿಸಬಹುದೇ ಎಂಬ ಪ್ರಶ್ನೆ ಮೊದಲು ಬರಬೇಕು. ಮಾಹಿತಿ ಹಕ್ಕು ಅಧಿನಿಯಮ, 2005ರ 2ನೇ ಪ್ರಕರಣದಂತೆ, ಗಣಕಯಂತ್ರದಲ್ಲಿ ಸಿದ್ಧಪಡಿಸಿದ ಸಾಮಗ್ರಿಯೂ ‘ದಾಖಲೆ’ಯೇ ಆಗಿದೆ. ಅರ್ಜಿದಾರರು ಕೋರಿರುವ ಮಾಹಿತಿಯನ್ನು ನಾಶಪಡಿಸಿದಲ್ಲಿ, 20ನೇ ಪ್ರಕರಣದಂತೆ ಸಾರ್ವಜನಿಕ ಮಾಹಿತಿ ಅಧಿಕಾರಿಯು ದಿನವೊಂದಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿಗಳವರೆಗೆ ದಂಡಕ್ಕೆ ಗುರಿಯಾಗಬಹುದು.

ಪಂಚತಂತ್ರ 2.0 ಹಾಗೂ ಇ-ಸ್ವತ್ತು ತಂತ್ರಾಂಶಗಳಲ್ಲಿ ದಾಖಲಾದ ಮಾಹಿತಿ ಸರ್ವರ್‌ನಲ್ಲಿ ಇರುತ್ತದೆ. ಅಲ್ಲಿಂದ ಇಳಿಸಿಕೊಂಡ ಪ್ರತಿಯನ್ನು ಅಳಿಸಿದರೆ ಮೂಲಕ್ಕೆ ಧಕ್ಕೆಯಿಲ್ಲ. ಆದರೆ ಕಚೇರಿಯಲ್ಲಿಯೇ ಸಿದ್ಧವಾದ ಕರಡು ಪಟ್ಟಿ, ಸಭಾ ನಡವಳಿ ಮತ್ತು ವಸೂಲಿ ವಿವರಗಳಿಗೆ ಬೇರೆ ಪ್ರತಿ ಇಲ್ಲದಿರಬಹುದು. ಆರಂಭದಲ್ಲಿ ಹೇಳಿದ ಹಳೆಯ ಫಲಾನುಭವಿ ಪಟ್ಟಿಯೂ ಇಂತಹುದೇ. ಗ್ರಾಮ ಸಭೆ ಯಾವ ಹೆಸರನ್ನು ಸೇರಿಸಿತು, ಯಾವುದನ್ನು ಕೈಬಿಟ್ಟಿತು ಎಂಬುದಕ್ಕೆ ಅದೇ ಸಾಕ್ಷಿ. ಅದನ್ನು ಅಳಿಸುವುದಕ್ಕಿಂತ, ಹಿಡಿತ ಬಿಡಿಸಿದ ನಂತರ ಹೆಸರಿನಲ್ಲಿ ‘ಹಳೆಯ ಕರಡು’ ಎಂದು ದಿನಾಂಕದೊಂದಿಗೆ ಸೇರಿಸಿ, ಪ್ರತ್ಯೇಕ ಫೋಲ್ಡರ್‌ಗೆ ಸ್ಥಳಾಂತರಿಸುವುದೇ ಸರಿಯಾದ ಮಾರ್ಗ. ಆಗ ತಪ್ಪು ಪಟ್ಟಿ ಫಲಕಕ್ಕೆ ಏರುವುದಿಲ್ಲ; ದಾಖಲೆಯೂ ಉಳಿಯುತ್ತದೆ.

6. ಸದಸ್ಯರಲ್ಲಿ ಕೋರಿಕೆ

ಕಡತ ಅಳಿಯುತ್ತಿಲ್ಲ ಎಂದು ಸಿಬ್ಬಂದಿ ತಿಳಿಸಿದಾಗ ಅದನ್ನು ನೆಪವೆಂದು ಭಾವಿಸದೆ, ‘ಹೇಗಾದರೂ ತೆಗೆಯಿರಿ’ ಎಂದು ಒತ್ತಾಯಿಸದೆ, ಮೂರು ಪ್ರಶ್ನೆಗಳನ್ನು ಕೇಳಬೇಕಾಗಿ ಕೋರಿದೆ: ಕಡತವನ್ನು ಯಾರು ತೆರೆದಿದ್ದಾರೆ? ಅವರ ಕೆಲಸ ಸೇವ್ ಆಗಿದೆಯೇ? ಇದನ್ನು ಅಳಿಸಲು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರ ಒಪ್ಪಿಗೆ ಇದೆಯೇ? ಮೂರಕ್ಕೂ ಸಮರ್ಪಕ ಉತ್ತರ ದೊರೆತ ಮೇಲೆ ಅಳಿಸಿದ ಕಡತದಿಂದ ಯಾರಿಗೂ ತೊಂದರೆಯಾಗದು.