ಪರರ ನಾಯಿಯ ಪಾಲನೆ: ಮರ್ಯಾದೆಯ ದುಡಿಮೆಗೆ ಒಂದು ದಾರಿ

ದೂಧಗಂಗೆಯ ದಂಡೆಯ ಮೇಲಿರುವ ದತ್ತವಾಡದಲ್ಲಿ ನಾಯಿ ಸಾಕುವುದು ಹೊಸ ಸಂಗತಿಯಲ್ಲ. ಕಬ್ಬಿನ ಹೊಲ, ದನದ ಕೊಟ್ಟಿಗೆ, ಕುರಿಯ ಹಿಂಡು ಇದ್ದಲ್ಲಿ ನಾಯಿಯೂ ಇರುತ್ತದೆ. ಉಳಿದ ರೊಟ್ಟಿ ಅದರ ಪಾಲು, ರಾತ್ರಿಯ ಕಾವಲು ಅದರ ಕೆಲಸ. ಅದನ್ನು ನೋಡಿಕೊಳ್ಳಲು ಒಬ್ಬರಿಗೆ ಸಂಬಳ ಕೊಡಬೇಕೆಂದರೆ ಊರ ಹಿರಿಯರು ನಕ್ಕಾರು. ಆದರೆ ಪುಣೆ, ಮುಂಬಯಿ, ಬೆಂಗಳೂರುಗಳಲ್ಲಿ ಪತಿ-ಪತ್ನಿ ಇಬ್ಬರೂ ಬೆಳಿಗ್ಗೆ ಕಚೇರಿಗೆ ಹೊರಡುವ ಮನೆಗಳಲ್ಲಿ ಈ ಪ್ರಶ್ನೆ ನಗೆಯದಾಗಿ ಉಳಿದಿಲ್ಲ. ಬಹುಮಹಡಿ ಕಟ್ಟಡದ ಮೇಲಂತಸ್ತಿನಲ್ಲಿರುವ ನಾಯಿಯನ್ನು ಹೊರಗೆ ತಿರುಗಾಡಿಸುವವರು ಬೇಕು. ಯಜಮಾನರು ಪರವೂರಿಗೆ ಹೋದಾಗ ಅದನ್ನು ಇಟ್ಟುಕೊಳ್ಳುವವರು ಬೇಕು. ಇಂಥ ಮನೆಗಳು ಈಗ ಕೊಲ್ಹಾಪುರ, ಸಾಂಗಲಿಗಳಲ್ಲಿಯೂ ಕಾಣುತ್ತಿವೆ. ಹತ್ತನೆಯ ತರಗತಿ ಮುಗಿಸಿ ಮುಂದೇನು ಎಂದು ಯೋಚಿಸುವ ಗಡಿಭಾಗದ ಮಕ್ಕಳೂ ಅವರ ಪಾಲಕರೂ ಈ ದುಡಿಮೆಯ ಲಾಭ-ಹೊಣೆಗಳೆರಡನ್ನೂ ಅರಿಯುವುದು ಒಳಿತು.

ಕನ್ನಡ ನಾಡಿನಲ್ಲಿ ನಾಯಿಯ ಮಾನ

ನಾಯಿಯ ಚಾಕರಿ ಕೀಳೆಂಬ ಭಾವನೆ ಅನೇಕರಲ್ಲಿದೆ. ಕನ್ನಡ ನಾಡಿನ ಶಾಸನವೊಂದು ಬೇರೆಯದನ್ನೇ ಹೇಳುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ವೀರಗಲ್ಲು ಒಂದು ನಾಯಿಯ ಹೆಸರಿನಲ್ಲಿ ನಿಂತದ್ದು. ರಾಷ್ಟ್ರಕೂಟ ಮೂರನೆಯ ಕೃಷ್ಣನು ಚೋಳರೊಡನೆ ತಕ್ಕೋಲದಲ್ಲಿ ಮಾಡಿದ ಯುದ್ಧದಲ್ಲಿ ಗಂಗ ಬೂತುಗನ ಪರವಾಗಿ ಹೋರಾಡಿದ ಮಣಲೆರನೆಂಬ ವೀರನು, ಬೇಕಾದುದನ್ನು ಕೇಳೆಂದಾಗ ಬೂತುಗನ ಬೇಟೆನಾಯಿ ಕಾಳಿಯನ್ನು ಬೇಡಿ ಪಡೆದ. ಮುಂದೆ ಕಾಳಿ ಹಂದಿಯೊಂದರೊಡನೆ ಸೆಣಸಿ, ಎರಡೂ ಸತ್ತವು. ಮಣಲೆರನು ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿ ಬಿಟ್ಟ. ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ಪಾಪ ತಟ್ಟುವುದೆಂದು ಶಾಸನ ಎಚ್ಚರಿಸುತ್ತದೆ. ಇಂದು ಆ ಕಲ್ಲು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಪರರ ನಾಯಿಯ ನೆನಪನ್ನು ಕಾಯುವುದಕ್ಕೂ ಜೀವನಾಧಾರ ಕಲ್ಪಿಸಿದ ನಾಡು ಇದು.

ಇನ್ನೂ ಸಮೀಪದ ನಿದರ್ಶನವೆಂದರೆ ಬಾಗಲಕೋಟೆ ಜಿಲ್ಲೆಯ ಮುಧೋಳ. ಒಂದು ಕಾಲಕ್ಕೆ ಕುರುಂದವಾಡದಂತೆಯೇ ದಖ್ಖನದ ಸಂಸ್ಥಾನಗಳಲ್ಲಿ ಒಂದಾಗಿದ್ದ ಆ ಊರಿನ ಘೋರ್ಪಡೆ ಅರಸರು ತೆಳ್ಳನೆಯ ಮೈಕಟ್ಟಿನ, ಓಟದಲ್ಲಿ ಚುರುಕಾದ ಬೇಟೆನಾಯಿಗಳನ್ನು ಪೋಷಿಸಿದರು. ಅಂಚೆ ಇಲಾಖೆ 2005ರಲ್ಲಿ ಈ ತಳಿಯ ಚಿತ್ರದ ಅಂಚೆಚೀಟಿಯನ್ನು ಹೊರತಂದಿತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯವು ಮುಧೋಳ ಬಳಿಯ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆ ಹಾಗೂ ಮಾಹಿತಿ ಕೇಂದ್ರವನ್ನು ನಡೆಸುತ್ತಿದೆ. ಸುತ್ತಲಿನ ಹಳ್ಳಿಗಳಲ್ಲಿ ಒಕ್ಕಲುತನದ ಜೊತೆಗೆ ಈ ನಾಯಿಗಳ ಪಾಲನೆಯಿಂದ ಸಂಸಾರ ತೂಗಿಸುವ ಕುಟುಂಬಗಳಿವೆ.

ದುಡಿಮೆಯ ಬಗೆಗಳು

ಮರಿ ಹುಟ್ಟಿಸಿ ಮಾರುವುದು ಒಂದು ದಾರಿ. ಪರರ ನಾಯಿಯನ್ನು ನೋಡಿಕೊಂಡು ಕೂಲಿ ಪಡೆಯುವುದು ಇನ್ನೊಂದು. ಮೊದಲನೆಯದಕ್ಕೆ ಬಂಡವಾಳ ಬೇಕು, ಜೊತೆಗೆ 2017ರ ಶ್ವಾನ ತಳಿವರ್ಧನ ಹಾಗೂ ಮಾರಾಟ ನಿಯಮಗಳ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಎರಡನೆಯದಕ್ಕೆ ಬೇಕಾದದ್ದು ಮುಖ್ಯವಾಗಿ ತಾಳ್ಮೆ, ಸಮಯಪಾಲನೆ ಮತ್ತು ವಿಶ್ವಾಸ.

ಅತ್ಯಂತ ಸುಲಭವಾಗಿ ಆರಂಭಿಸಬಹುದಾದುದು ತಿರುಗಾಡಿಸುವ ಕೆಲಸ. ಇದಕ್ಕೊಂದು ಮಿತಿಯುಂಟು. ಒಂದು ನಾಯಿಗೆ ಬೆಳಿಗ್ಗೆ ಅರ್ಧ ತಾಸು, ಸಂಜೆ ಅರ್ಧ ತಾಸು ಎಂದಿಟ್ಟುಕೊಂಡರೆ ಐದು ನಾಯಿಗಳಿಗೆ ದಿನಕ್ಕೆ ಐದು ತಾಸು ಬೇಕು. ಮನೆಯಿಂದ ಮನೆಗೆ ಹೋಗುವ ಸಮಯ ಬೇರೆ. ಬಿಸಿಲೇರಿದ ಮೇಲೆ ಕಾದ ಡಾಂಬರಿನ ರಸ್ತೆಯಲ್ಲಿ ನಾಯಿಯನ್ನು ನಡೆಸಬಾರದಾದ್ದರಿಂದ ಬೆಳಗು-ಬೈಗುಗಳ ಕೆಲವೇ ತಾಸುಗಳು ದುಡಿಯಲು ಸಿಗುತ್ತವೆ. ಆದುದರಿಂದ ಇದು ಕಾಲೇಜು ಕಲಿಯುವವನಿಗೆ ಕೈಖರ್ಚಿನ ದಾರಿಯಾದೀತೇ ಹೊರತು ಇದೊಂದರಿಂದಲೇ ಸಂಸಾರ ಸಾಗುವುದು ಕಷ್ಟ.

ಯಜಮಾನರು ಊರಿನಲ್ಲಿ ಇಲ್ಲದಾಗ ನಾಯಿಯನ್ನು ತಮ್ಮಲ್ಲಿ ಇರಿಸಿಕೊಳ್ಳುವುದು ಎರಡನೆಯ ಬಗೆ. ಇದಕ್ಕೆ ಜಾಗ, ಬೇಲಿ, ನೆರಳು, ಪ್ರತ್ಯೇಕ ಗೂಡುಗಳು ಬೇಕು. ಪಟ್ಟಣದಲ್ಲಿ ದುರ್ಲಭವಾದ ಜಾಗ ಹಳ್ಳಿಯಲ್ಲಿದೆ ಎಂಬುದೇ ಇಲ್ಲಿ ರೈತ ಕುಟುಂಬದ ಬಲ. ಆದರೆ 2019 ಮತ್ತು 2021ರ ಮಹಾಪೂರಗಳನ್ನು ಕಂಡ ಶಿರೋಳ ತಾಲೂಕಿನಲ್ಲಿ ಹೊಳೆಯ ಮಗ್ಗುಲಲ್ಲಿ ಇಂಥ ಕೇಂದ್ರ ಕಟ್ಟುವುದು ವಿವೇಕವಲ್ಲ. ಮೀಯಿಸುವುದು, ಕೂದಲು-ಉಗುರು ಕತ್ತರಿಸುವುದು ಮೂರನೆಯ ಬಗೆ. ಹೇಳಿದ ಮಾತು ಕೇಳುವಂತೆ ಪಳಗಿಸುವುದು ನಾಲ್ಕನೆಯದು. ಈ ಎರಡನ್ನು ಬಲ್ಲವರ ಕೈಕೆಳಗೆ ಕಲಿತೇ ಮಾಡಬೇಕು.

ಕಾಯಿದೆ ಏನನ್ನುತ್ತದೆ?

ತಿರುಗಾಡಿಸುವ ಕೆಲಸಕ್ಕೆ ಕಾಯಿದೆಯ ಆಧಾರವಿದೆ ಎಂಬುದು ಅನೇಕರಿಗೆ ತಿಳಿಯದು. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೆಯ ಕಲಮಿನ ಪ್ರಕಾರ, ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಮಾಡಿಸದಿರುವುದು ಅಥವಾ ಬೇರೆಯವರಿಂದ ಮಾಡಿಸದಿರುವುದು ಯಜಮಾನನ ಅಪರಾಧ. ಅವನು ಸ್ವತಃ ಮಾಡಲಾರದ ಈ ಕರ್ತವ್ಯವನ್ನು ಕೂಲಿ ಪಡೆದು ಮಾಡುವವನು ಕಾಯಿದೆ ಬಯಸಿದ ಕೆಲಸವನ್ನೇ ಮಾಡುತ್ತಾನೆ.

ನಾಯಿಯನ್ನು ಒಪ್ಪಿಸಿಕೊಂಡಾಗ 1872ರ ಭಾರತೀಯ ಕರಾರು ಕಾಯಿದೆಯ ನಿಕ್ಷೇಪದ ಕಲಮುಗಳು ಅನ್ವಯಿಸುತ್ತವೆ. 151ನೆಯ ಕಲಮಿನಂತೆ, ಸಾಮಾನ್ಯ ವಿವೇಕಿಯು ತನ್ನ ಸ್ವಂತದ್ದನ್ನು ಎಷ್ಟು ಜೋಪಾನ ಮಾಡುವನೋ ಅಷ್ಟು ಜೋಪಾನವನ್ನು ಪರರದಕ್ಕೂ ಮಾಡಬೇಕು. ಅಷ್ಟು ಮಾಡಿಯೂ ಹಾನಿ ಸಂಭವಿಸಿದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, 152ನೆಯ ಕಲಮು ಅವನಿಗೆ ರಕ್ಷಣೆ ಕೊಡುತ್ತದೆ. ಯಜಮಾನನಿಗೂ ಹೊಣೆಯುಂಟು: ತನಗೆ ತಿಳಿದ ದೋಷವನ್ನು ಅವನು ಮುಚ್ಚಿಡಬಾರದು. 150ನೆಯ ಕಲಮು ತುಂಟ ಕುದುರೆಯ ಉದಾಹರಣೆ ಕೊಡುತ್ತದೆ. ಕುದುರೆಯ ಗುಣ ತಿಳಿಸದೆ ಕೊಟ್ಟವನೇ ಬಿದ್ದವನ ನಷ್ಟ ತುಂಬಬೇಕು. ಕಚ್ಚುವ ನಾಯಿಗೂ ಇದೇ ನ್ಯಾಯ. 163ನೆಯ ಕಲಮಿನ ಉದಾಹರಣೆ ಆಕಳಿನದು: ನೋಡಿಕೊಳ್ಳಲು ಬಿಟ್ಟ ಆಕಳು ಕರು ಹಾಕಿದರೆ ಕರುವನ್ನೂ ಒಡೆಯನಿಗೆ ಮರಳಿಸಬೇಕು. ಹೆಣ್ಣುನಾಯಿ ಮರಿ ಹಾಕಿದರೂ ಹಾಗೆಯೇ.

ಎಲ್ಲಕ್ಕಿಂತ ಗಂಭೀರವಾದುದು ದಂಡ ಕಾಯಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಂತೆ, ತನ್ನ ವಶದಲ್ಲಿರುವ ಪ್ರಾಣಿಯಿಂದ ಜನರ ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯ ಒದಗದಂತೆ ಎಚ್ಚರ ವಹಿಸದವನಿಗೆ ಆರು ತಿಂಗಳವರೆಗಿನ ಸೆರೆವಾಸ, ಐದು ಸಾವಿರ ರೂಪಾಯಿವರೆಗಿನ ದಂಡ ಅಥವಾ ಎರಡೂ ಆಗಬಹುದು. ಕಾಯಿದೆಯ ಶಬ್ದ 'ವಶ', 'ಒಡೆತನ' ಅಲ್ಲ. ರಸ್ತೆಯಲ್ಲಿ ಹಗ್ಗ ಯಾರ ಕೈಯಲ್ಲಿದೆಯೋ ಹೊಣೆಯೂ ಅವರದೇ. ಆದುದರಿಂದ ಹದಿನಾಲ್ಕು-ಹದಿನೈದರ ಹುಡುಗನ ಕೈಗೆ ಪರರ ದೊಡ್ಡ ನಾಯಿಯ ಹಗ್ಗ ಕೊಡುವ ಮುನ್ನ ಪಾಲಕರು ಎರಡು ಸಲ ಯೋಚಿಸಬೇಕು.

ಇದೆಲ್ಲವನ್ನು ಒಂದು ಪುಟದ ಬರಹದಲ್ಲಿ ಅಳವಡಿಸಬಹುದು: ನಾಯಿಯ ವಯಸ್ಸು, ಗುಣ, ಲಸಿಕೆಯ ದಿನಾಂಕ, ಆಹಾರ, ಇರಿಸಿಕೊಳ್ಳುವ ಅವಧಿ, ಕೂಲಿ, ಕಾಯಿಲೆಯಾದರೆ ಯಾವ ವೈದ್ಯರಲ್ಲಿಗೆ ಒಯ್ಯಬೇಕು, ವೆಚ್ಚ ಯಾರದು, ಹೇಳಿದ ದಿನ ಯಜಮಾನ ಬಾರದಿದ್ದರೆ ಏನು. ಇಬ್ಬರ ಸಹಿಯಿರಲಿ, ಅರ್ಧ ಹಣ ಮುಂಗಡ ಬರಲಿ.

ಜೀವದ ಎಚ್ಚರ

ಹುಚ್ಚುನಾಯಿ ರೋಗದ ಲಕ್ಷಣ ತೋರಿದ ಮೇಲೆ ಮನುಷ್ಯ ಬದುಕುವುದು ಇಲ್ಲವೆಂಬಷ್ಟು ವಿರಳ. ಲಸಿಕೆಯ ಪತ್ರವಿಲ್ಲದ ನಾಯಿಯನ್ನು ಒಪ್ಪಿಕೊಳ್ಳಕೂಡದು. ಈ ಕೆಲಸಕ್ಕೆ ಇಳಿಯುವವರು ಮುಂಜಾಗ್ರತೆಯ ಲಸಿಕೆಯನ್ನು ತಾವೂ ಹಾಕಿಸಿಕೊಳ್ಳಬೇಕು. ಹಲ್ಲು ತಾಗಿದರೆ, ಪರಚಿದರೂ ಸಹ, ಹದಿನೈದು ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಅಂದೇ ದವಾಖಾನೆಗೆ ಹೋಗಬೇಕು. ಗಾಯಕ್ಕೆ ಅರಿಸಿನ, ಖಾರ, ಸುಣ್ಣ ಹಚ್ಚುವ ರೂಢಿ ಅಪಾಯದ್ದು.

ಆಹಾರದಲ್ಲಿಯೂ ತಿಳಿವಳಿಕೆ ಬೇಕು. ಸಾಂಗಲಿ-ತಾಸಗಾವ ಕಡೆಯ ಹೆಮ್ಮೆಯ ದ್ರಾಕ್ಷಿ, ಒಣದ್ರಾಕ್ಷಿಗಳು ನಾಯಿಯ ಮೂತ್ರಪಿಂಡಕ್ಕೆ ವಿಷವಾಗಬಲ್ಲವು. ಚಾಕೊಲೇಟು, ಉಳ್ಳಾಗಡ್ಡಿಗಳೂ ಕೂಡದು. ಜಡ್ಡಾದ ನಾಯಿಗೆ ತಾವೇ ಸೂಜಿ ಚುಚ್ಚುವ ಸಾಹಸ ಬೇಡ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯಿದೆಯಂತೆ ಚಿಕಿತ್ಸೆ ನೋಂದಾಯಿತ ಪಶುವೈದ್ಯರ ಅಧಿಕಾರ. ಆ ದಿಕ್ಕಿನಲ್ಲಿ ಆಸಕ್ತಿಯಿರುವ ಮಕ್ಕಳಿಗೆ ಹತ್ತನೆಯ ತರಗತಿಯ ನಂತರದ ಪಶುಸಂಗೋಪನೆ ಡಿಪ್ಲೊಮಾ, ಹನ್ನೆರಡರ ನಂತರ ಸಾತಾರಾ ಜಿಲ್ಲೆಯ ಶಿರವಳದಂಥ ಪಶುವೈದ್ಯಕೀಯ ಕಾಲೇಜುಗಳ ಪದವಿ ಇವೆ. ಬೇಸಿಗೆ ರಜೆಯಲ್ಲಿ ಪಶುವೈದ್ಯರ ದವಾಖಾನೆಯಲ್ಲಿ ನಿಂತು ನೋಡಿದ ಹುಡುಗ ಅಥವಾ ಹುಡುಗಿಗೆ ತನ್ನ ಮನಸ್ಸು ಈ ಕಡೆ ಇದೆಯೋ ಇಲ್ಲವೋ ತಿಂಗಳೊಳಗೆ ತಿಳಿಯುತ್ತದೆ.

ಪಾಲಕರ ಪಾತ್ರ

ಈ ವೃತ್ತಿಗೆ ಭಾಷೆಯ ತಡೆ ಕಡಿಮೆ. ಕನ್ನಡ ಶಾಲೆಯಲ್ಲಿ ಓದಿ, ಪೇಟೆಯಲ್ಲಿ ಮರಾಠಿ ಆಡುವ ಗಡಿಭಾಗದ ಮಕ್ಕಳು ಬೆಂಗಳೂರಿನಲ್ಲಿಯೂ ಪುಣೆಯಲ್ಲಿಯೂ ಯಜಮಾನರೊಡನೆ ನೇರವಾಗಿ ಮಾತನಾಡಬಲ್ಲರು. ಎಮ್ಮೆ-ಆಕಳುಗಳ ನಡುವೆ ಬೆಳೆದ ಅವರಿಗೆ ಪ್ರಾಣಿಯ ಕಿವಿ, ಕಣ್ಣು, ಬಾಲಗಳನ್ನು ನೋಡಿ ಅದರ ಮನಸ್ಥಿತಿ ಅರಿಯುವುದು ಹೊಸ ವಿದ್ಯೆಯಲ್ಲ. ಕೊರತೆಯಿರುವುದು ಲೆಕ್ಕ, ಬರಹ, ಸಮಯಪಾಲನೆಗಳ ಶಿಸ್ತಿನಲ್ಲಿ; ಅದನ್ನು ಮನೆಯೂ ಶಾಲೆಯೂ ಕಲಿಸಬೇಕು. ಮೊದಲ ವರ್ಷ ಹೊಲವನ್ನಾಗಲಿ, ಓದನ್ನಾಗಲಿ ಬಿಡದೆ ಎರಡು-ಮೂರು ನಾಯಿಗಳಿಂದ ಆರಂಭಿಸಿ, ಗಿರಾಕಿಗಳ ನಂಬಿಕೆ ಗಳಿಸಿದ ಮೇಲೆ ಗೂಡು ಕಟ್ಟಿಸುವುದು ಕ್ಷೇಮ. ಸಾಲ ಮಾಡಿ ಗೂಡು ಕಟ್ಟಿಸಿ, ಆಮೇಲೆ ನಾಯಿ ಹುಡುಕಲು ಹೊರಡುವುದು ಹಾನಿಯ ದಾರಿ.