ಕೈಸನ್ನೆಗೆ ನಾದ ಬೆಸೆಯುವವರು

ವೀಣೆಯ ತಂತಿಯನ್ನು ಮೆಲ್ಲಗೆ ಮೀಟಿದರೆ ಮೆಲುದನಿ, ಒತ್ತಿ ಮೀಟಿದರೆ ಗಟ್ಟಿದನಿ. ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದರೆ ಸ್ವರ ಏರುತ್ತದೆ. ಹೀಗೇ ಆಗಬೇಕೆಂದು ಯಾರೂ ಕೂತು ನಿರ್ಧರಿಸಿದ್ದಲ್ಲ. ತಂತಿಯ ಬಿಗಿತ, ಹಲಸಿನ ಮರದ ಕೊಡ, ಬೆರಳಿನ ಬಲ ಸೇರಿ ಅದು ತಾನಾಗಿ ಆಗುತ್ತದೆ. ಕಂಪ್ಯೂಟರಿನ ನಾದಕ್ಕೆ ಮನುಷ್ಯನ ಕೈಯೊಂದಿಗೆ ಇಂಥ ಹುಟ್ಟುನಂಟು ಇಲ್ಲ. ಅದು ಅಂಕಿಗಳಿಂದ ಹುಟ್ಟುವ ನಾದ. ಕೈ ಎತ್ತಿದಾಗ ಸ್ವರ ಏರಲೂಬಹುದು, ಇಳಿಯಲೂಬಹುದು, ದನಿಯ ಬಣ್ಣ ಬದಲಾಗಲೂಬಹುದು, ಏನೂ ಆಗದೆಯೂ ಇರಬಹುದು. ಏನಾಗಬೇಕೆಂಬುದನ್ನು ಯಾರಾದರೂ ಯೋಚಿಸಿ ಎಳೆ ಎಳೆಯಾಗಿ ಕಟ್ಟಬೇಕು. ಕೈಚಲನೆಯಿಂದ, ಸಾಫ್ಟ್‌ವೇರಿನಿಂದ, ಕೆಲವೊಮ್ಮೆ ಕಂಪ್ಯೂಟರಿನೊಳಗಿನ ಕಲ್ಪಿತ ಲೋಕದಿಂದ ಸಂಗೀತ ಹೊರಡಿಸುವವರ ಕಸುಬಿನ ತಿರುಳು ಈ ಕಟ್ಟುವ ಕೆಲಸವೇ.

ಮುಟ್ಟದೆ ನುಡಿಸುವ ವಾದ್ಯಗಳಲ್ಲಿ ಮೊದಲು ಹೆಸರಾದದ್ದು ಕಂಪ್ಯೂಟರಿಗಿಂತ ಹಳೆಯದು. 1920ರಲ್ಲಿ ರಷ್ಯಾದ ಪೆಟ್ರೊಗ್ರಾಡ್‌ನಲ್ಲಿ ಲೆವ್ ಟೆರ್ಮೆನ್ ಎಂಬ ಭೌತವಿಜ್ಞಾನಿ ರೂಪಿಸಿದ ಆ ವಾದ್ಯಕ್ಕೆ ಥೆರೆಮಿನ್ ಎಂದು ಹೆಸರು. ಒಂದು ಪೆಟ್ಟಿಗೆ, ಅದರಿಂದ ನೆಟ್ಟಗೆ ಎದ್ದ ಲೋಹದ ಕಡ್ಡಿ, ಪಕ್ಕಕ್ಕೆ ಚಾಚಿದ ಲೋಹದ ಕುಣಿಕೆ: ಕಣ್ಣಿಗೆ ಕಾಣುವುದು ಇಷ್ಟೇ. ಒಳಗೆ ಎರಡು ವಿದ್ಯುತ್ ಮಂಡಲಗಳು ಕಿವಿಗೆ ನಿಲುಕದಷ್ಟು ವೇಗವಾಗಿ ಕಂಪಿಸುತ್ತಿರುತ್ತವೆ. ಒಂದರ ವೇಗ ಬದಲಾಗುವುದಿಲ್ಲ. ಇನ್ನೊಂದನ್ನು ಕಡ್ಡಿಗೆ ಜೋಡಿಸಿರುತ್ತಾರೆ. ಕೈ ಹತ್ತಿರ ಬಂದಂತೆ ಕೈ ಮತ್ತು ಕಡ್ಡಿ ಸೇರಿ ಹೆಚ್ಚು ವಿದ್ಯುದಂಶವನ್ನು ಹಿಡಿದಿಡುತ್ತವೆ, ಅದರಿಂದ ಈ ಮಂಡಲದ ಕಂಪನ ತುಸು ನಿಧಾನವಾಗುತ್ತದೆ. ನಮಗೆ ಕೇಳಿಸುವುದು ಎರಡರ ನಡುವಿನ ವ್ಯತ್ಯಾಸ. ಒಂದು ಸೆಕೆಂಡಿಗೆ 1,70,000 ಸಲ, ಇನ್ನೊಂದು 1,69,560 ಸಲ ಕಂಪಿಸುತ್ತಿದೆ ಎಂದುಕೊಳ್ಳಿ. ಆಗ ಕಿವಿಗೆ ಬೀಳುವ ಸ್ವರ 440 ಕಂಪನಗಳದು. ಕೈ ಇನ್ನಷ್ಟು ಸಮೀಪಿಸಿದರೆ ವ್ಯತ್ಯಾಸ ಹೆಚ್ಚಿ ಸ್ವರ ಏರುತ್ತದೆ. ಎಡಗೈ ಕುಣಿಕೆಯ ಮೇಲೆ ಏರಿಳಿದು ದನಿ ಎಷ್ಟು ಜೋರಾಗಿರಬೇಕೆಂಬುದನ್ನು ನೋಡಿಕೊಳ್ಳುತ್ತದೆ.

ಇದರಲ್ಲಿ ಬೆರಳೂರಲು ಏನೂ ಇಲ್ಲ. ಕೂದಲೆಳೆಯಷ್ಟು ಸರಿದರೂ ಅಪಸ್ವರ. ಉಸಿರಾಡುವಾಗ ಎದೆ ಕದಲಿದರೂ ಸ್ವರ ಕದಲುತ್ತದೆ, ಏಕೆಂದರೆ ಕಡ್ಡಿಗೆ ಕೈಯಂತೆಯೇ ಮೈಯೂ ತಟ್ಟುತ್ತದೆ. ಈ ವಾದ್ಯವನ್ನು ಗಂಭೀರ ಸಂಗೀತದ ಮಟ್ಟಕ್ಕೆ ಒಯ್ದವರು ಕ್ಲಾರಾ ರಾಕ್‌ಮೋರ್. ಎಳವೆಯಲ್ಲೇ ವಯೊಲಿನ್ ಕಲಿತ ಅವರು ತೋಳಿನ ತೊಂದರೆಯಿಂದಾಗಿ ಅದನ್ನು ಬಿಡಬೇಕಾಯಿತು. ಥೆರೆಮಿನ್ ಮುಂದೆ ಅವರು ಕಲ್ಲಿನಂತೆ ನಿಂತು, ಮುಷ್ಟಿಯಿಂದ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತ ಸ್ವರಸ್ಥಾನಗಳನ್ನು ಹಿಡಿಯುವ ಕ್ರಮವೊಂದನ್ನು ತಾವೇ ರೂಢಿಸಿಕೊಂಡರು. ಗಾಳಿಯಲ್ಲಿ ಬೆರಳುಗಾರಿಕೆ ಸಾಧ್ಯವೆಂದು ತೋರಿಸಿಕೊಟ್ಟ ಸಾಧನೆ ಅದು.

ಥೆರೆಮಿನ್‌ನಲ್ಲಿ ಕೈಗೂ ನಾದಕ್ಕೂ ಇರುವ ನಂಟನ್ನು ಭೌತನಿಯಮವೇ ಕೊಟ್ಟುಬಿಡುತ್ತದೆ. ನಂಟನ್ನೇ ಹೊಸದಾಗಿ ಕಟ್ಟುವ ಕೆಲಸಕ್ಕೆ ದಾರಿ ತೆರೆದದ್ದು 1983ರಲ್ಲಿ ಬಂದ ಮಿಡಿ ಎಂಬ ಒಪ್ಪಂದ. ವಿದ್ಯುನ್ಮಾನ ವಾದ್ಯಗಳು ತಂತಿಯ ಮೂಲಕ ಪರಸ್ಪರ ಅಂಕಿ ಕಳಿಸಿಕೊಳ್ಳುವ ಸಾಮಾನ್ಯ ಭಾಷೆ ಇದು: ಯಾವ ಸ್ವರ, ಎಷ್ಟು ಬಲ, ಯಾವಾಗ ಶುರು, ಯಾವಾಗ ನಿಲುಗಡೆ. ಅಂಕಿ ಕಳಿಸುವುದು ಕೀಲಿಮಣೆಯೇ ಆಗಿರಬೇಕೆಂಬ ನಿಯಮವಿಲ್ಲ. ಹಾಗಿದ್ದರೆ ಬರಿಗೈಯೇ ಏಕೆ ಕಳಿಸಬಾರದು?

ಆಮ್‌ಸ್ಟರ್‌ಡ್ಯಾಮ್‌ನಲ್ಲಿ 1969ರಿಂದ ನಡೆಯುತ್ತಿದ್ದ ಸ್ಟೈಮ್ ಎಂಬ ಪ್ರಯೋಗಶಾಲೆಯಲ್ಲಿ ಮಿಶೆಲ್ ವೈಸ್‌ವಿಸ್ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಅವರ ವಾದ್ಯದ ಹೆಸರು ‘ದಿ ಹ್ಯಾಂಡ್ಸ್’. 1984ರಲ್ಲಿ ಆ ಊರಿನ ಹೆಸರಾಂತ ಕಚೇರಿ ಮಂದಿರ ಕಾನ್ಸರ್ಟ್‌ಖೆಬೌನಲ್ಲಿ ಅದು ಮೊದಲ ಬಾರಿಗೆ ವೇದಿಕೆ ಏರಿತು. ಎರಡೂ ಕೈಗೆ ಬಿಗಿದುಕೊಳ್ಳುವ ಎರಡು ಚೌಕಟ್ಟುಗಳು. ಬೆರಳ ತುದಿಗೆ ಸಿಗುವಂತೆ ಪುಟ್ಟ ಗುಂಡಿಗಳ ಸಾಲು. ಕೈ ಯಾವ ಕಡೆ ವಾಲಿದೆ ಎಂದು ತಿಳಿಯಲು ಪಾದರಸದ ಸ್ವಿಚ್ಚುಗಳು: ಮುಚ್ಚಿದ ಚಿಕ್ಕ ಕೊಳವೆಯೊಳಗೆ ಒಂದು ಹನಿ ಪಾದರಸ; ಕೈ ವಾಲಿದಾಗ ಹನಿ ಉರುಳಿ ಎರಡು ತಂತಿಗಳನ್ನು ಕೂಡಿಸುತ್ತದೆ ಅಥವಾ ಬಿಡಿಸುತ್ತದೆ. ಎರಡು ಕೈಗಳ ನಡುವಿನ ಅಂತರ ಅಳೆಯಲು ಅಲ್ಟ್ರಾಸೌಂಡ್: ಒಂದು ಕೈಯಿಂದ ಹೊರಟ ಕೇಳಿಸದ ಶಬ್ದ ಇನ್ನೊಂದು ಕೈಗೆ ತಲುಪಲು ಹಿಡಿದ ಸಮಯವೇ ಅಂತರದ ಲೆಕ್ಕ. ಶಬ್ದ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡು ಬೇಕು, ಅಂದರೆ ಸೆಕೆಂಡಿನ ಸಾವಿರದಲ್ಲಿ ಮೂರು ಪಾಲು.

ಸೆನ್ಸರ್‌ಗಳನ್ನು ಬೆಸೆದ ಮಾತ್ರಕ್ಕೆ ವಾದ್ಯ ಸಿದ್ಧವಾಗುವುದಿಲ್ಲ. ಬೆಸುಗೆ ಮುಗಿದ ಮೇಲೆಯೇ ಕಷ್ಟದ ಭಾಗ ಶುರು.

ಮೊದಲು ಅಂಕಿಗಳನ್ನು ತಿಳಿಗೊಳಿಸಬೇಕು. ಕೈ ಅಲುಗದೆ ನಿಂತಾಗಲೂ ಸೆನ್ಸರ್ ಕೊಡುವ ಅಂಕಿಗಳು ಸಣ್ಣಗೆ ತೊಯ್ದಾಡುತ್ತಿರುತ್ತವೆ. ಹಾಗೇ ಬಿಟ್ಟರೆ ಸ್ವರವೂ ನಡುಗುತ್ತದೆ. ಕಳೆದ ಹತ್ತು ಅಳತೆಗಳ ಸರಾಸರಿ ತೆಗೆದುಕೊಂಡರೆ ನಡುಕ ಅಡಗುತ್ತದೆ ನಿಜ. ಆದರೆ ಸೆಕೆಂಡಿಗೆ 100 ಸಲ ಅಳೆಯುವ ಸೆನ್ಸರ್ ಆಗಿದ್ದರೆ ಈ ಸರಾಸರಿ ಕೈಗಿಂತ ಸುಮಾರು 45 ಮಿಲಿಸೆಕೆಂಡು ಹಿಂದೆ ಬೀಳುತ್ತದೆ. ಕೈ ಮೊದಲು, ನಾದ ಆಮೇಲೆ. ಈ ಹಿಂದುಳಿಯುವಿಕೆಯನ್ನು ಲೇಟೆನ್ಸಿ ಎನ್ನುತ್ತಾರೆ. ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಇದನ್ನು ಕುರಿತು ಕೆಲಸ ಮಾಡಿದ ಡೇವಿಡ್ ವೆಸೆಲ್ ಮತ್ತು ಮ್ಯಾಥ್ಯೂ ರೈಟ್, ಚಲನೆಗೂ ನಾದಕ್ಕೂ ನಡುವೆ 10 ಮಿಲಿಸೆಕೆಂಡಿಗಿಂತ ಹೆಚ್ಚು ಇರಕೂಡದು ಎಂಬ ಗೆರೆ ಎಳೆದರು. ತಡವು ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಆಗುತ್ತಿದ್ದರೆ ಅದು ಇನ್ನೂ ಕೆಡುಕು. ಒಂದೇ ಸಮನಾದ ತಡವಿಗೆ ಕೈ ಹೊಂದಿಕೊಂಡೀತು, ಏರುಪೇರಿಗೆ ಹೊಂದಿಕೊಳ್ಳಲಾರದು. ನಡುಕವನ್ನು ಎಷ್ಟು ಅಡಗಿಸಬೇಕು, ತಡವನ್ನು ಎಷ್ಟು ಸಹಿಸಬೇಕು ಎಂಬುದನ್ನು ಪ್ರತಿ ಸೆನ್ಸರಿಗೂ ಬೇರೆ ಬೇರೆಯಾಗಿ, ಕಿವಿಯಿಂದಲೇ ತೂಗಿ ನೋಡಬೇಕು.

ಎರಡನೆಯದು ಅಳತೆಯನ್ನು ಕಿವಿಗೆ ಒಪ್ಪುವಂತೆ ಬಗ್ಗಿಸುವುದು. ಮಂದ್ರ ಷಡ್ಜದ ಕಂಪನದ ಎರಡರಷ್ಟು ಮಧ್ಯ ಷಡ್ಜ, ಅದರ ಎರಡರಷ್ಟು ತಾರ ಷಡ್ಜ. 220, 440, 880 ಎಂದು ಅಂಕಿ ಇಮ್ಮಡಿಯಾಗುತ್ತ ಹೋದರೂ ಕಿವಿಗೆ ಎರಡೂ ಜಿಗಿತ ಸಮ. ಆದ್ದರಿಂದ ಕೈ ಪ್ರತಿ ಹತ್ತು ಸೆಂಟಿಮೀಟರಿಗೆ ಒಂದು ಸ್ಥಾಯಿ ಏರಬೇಕಾದರೆ ದೂರವನ್ನು ನೇರವಾಗಿ ಕಂಪನಕ್ಕೆ ಹಚ್ಚಲಾಗದು. ನಡುವೆ ಇಮ್ಮಡಿಸುವ ಲೆಕ್ಕವೊಂದು ಬೇಕು. ಇನ್ನೊಂದು ತೊಡಕಿದೆ. ಮಿಡಿಯ ಸಾಮಾನ್ಯ ಅಳತೆಗಳು 0ರಿಂದ 127ರವರೆಗೆ ಮಾತ್ರ. ಎರಡು ಸ್ಥಾಯಿಗಳನ್ನು ಇಷ್ಟರೊಳಗೆ ಹಂಚಿದರೆ ಒಂದು ಸ್ವರಸ್ಥಾನದಿಂದ ಮುಂದಿನದಕ್ಕೆ ಐದೇ ಹೆಜ್ಜೆ. ಗಮಕ ಕೇಳಿ ಬೆಳೆದ ಕಿವಿಗೆ ಆ ಜಾರಿನಲ್ಲಿ ಹೆಜ್ಜೆಗಳು ಎಣಿಸುವಂತೆ ಕೇಳುತ್ತವೆ. ಸ್ವರವನ್ನು ಬಾಗಿಸಲೆಂದೇ ಮಿಡಿಯಲ್ಲಿ 16,384 ಹಂತಗಳ ಪ್ರತ್ಯೇಕ ಸಂದೇಶವೊಂದನ್ನು ಇರಿಸಿದ್ದು ಈ ಕಾರಣಕ್ಕೇ.

ಮೂರನೆಯದು ಮ್ಯಾಪಿಂಗ್: ಯಾವ ಚಲನೆಗೆ ನಾದದ ಯಾವ ಗುಣ ಎಂದು ಹೊಂದಿಸುವುದು. ಎತ್ತರಕ್ಕೆ ಸ್ವರ, ದೂರಕ್ಕೆ ದನಿಯ ಬಲ, ವಾಲಿಕೆಗೆ ಬಣ್ಣ ಎಂದು ಒಂದಕ್ಕೊಂದು ಜೋಡಿಸುವುದು ಸುಲಭ, ಆದರೆ ಆ ಸುಲಭ ಬೇಗ ಸಪ್ಪೆಯಾಗುತ್ತದೆ. ವಯೊಲಿನ್ ಕಮಾನನ್ನು ನೋಡಿ: ಅದರ ವೇಗ, ಒತ್ತಡ, ತಂತಿಯ ಯಾವ ಜಾಗದ ಮೇಲೆ ಅದು ಓಡುತ್ತಿದೆ ಎಂಬುದು, ಮೂರೂ ಒಟ್ಟಾಗಿ ದನಿಯ ಬಲವನ್ನೂ ಬಣ್ಣವನ್ನೂ ತೀರ್ಮಾನಿಸುತ್ತವೆ. ಯಾವುದನ್ನೂ ಒಂಟಿಯಾಗಿ ಬಿಡಿಸಲಾಗದು. ಇಂಗ್ಲೆಂಡಿನ ಆಂಡಿ ಹಂಟ್ ಮತ್ತು ಸಂಗಡಿಗರು ಇದನ್ನು ಪ್ರಯೋಗಕ್ಕೆ ಒಡ್ಡಿದಾಗ, ಹೀಗೆ ಹೆಣೆದುಕೊಂಡ ಜೋಡಣೆಗಳು ಆರಂಭದಲ್ಲಿ ಕಷ್ಟವಾದರೂ ಅಭ್ಯಾಸದೊಂದಿಗೆ ಕೈಗೆ ಹೆಚ್ಚು ಒಲಿಯುತ್ತವೆ ಎಂದು ಕಂಡುಕೊಂಡರು. ನುಡಿಸುವವರ ಶ್ರಮ ನಾದದಲ್ಲಿ ಕೇಳಬೇಕೆಂಬುದು ವೈಸ್‌ವಿಸ್ ಅವರ ನಿಲುವೂ ಆಗಿತ್ತು. ಕೈ ಚಲಿಸುತ್ತಿದ್ದರಷ್ಟೇ ನಾದ ಉಳಿಯುವಂತೆ, ನಿಂತರೆ ಕರಗುವಂತೆ ಹೊಂದಿಸಿದಾಗ ಸಭಿಕರ ಕಣ್ಣು ಮತ್ತು ಕಿವಿ ಒಂದನ್ನೊಂದು ನಂಬುತ್ತವೆ.

ಈ ಹೆಣಿಗೆಗೆ ಬಳಕೆಯಾಗುವ ಸಾಫ್ಟ್‌ವೇರುಗಳಲ್ಲಿ ಹೆಚ್ಚು ಹೆಸರಾದದ್ದು ಮ್ಯಾಕ್ಸ್. ಪ್ಯಾರಿಸ್ಸಿನ ಇರ್ಕಾಂ ಸಂಸ್ಥೆಯಲ್ಲಿ 1980ರ ದಶಕದ ನಡುವೆ ಮಿಲ್ಲರ್ ಪಕೆಟ್ ಇದನ್ನು ಬರೆಯತೊಡಗಿದರು. ಹೆಸರು ಬಂದದ್ದು ಮ್ಯಾಕ್ಸ್ ಮ್ಯಾಥ್ಯೂಸ್ ಅವರಿಂದ. 1957ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕಂಪ್ಯೂಟರಿನಿಂದ ಸಂಗೀತ ಹೊರಡಿಸಿದ ಎಂಜಿನಿಯರ್ ಅವರು. ಮ್ಯಾಕ್ಸ್‌ನಲ್ಲಿ ಸಾಲು ಸಾಲು ಆದೇಶ ಬರೆಯುವುದಿಲ್ಲ. ಪರದೆಯ ಮೇಲೆ ಚೌಕಗಳನ್ನಿಟ್ಟು ಗೆರೆಗಳಿಂದ ಕೂಡಿಸುತ್ತಾರೆ: ಸೆನ್ಸರಿನ ಚೌಕದಿಂದ ತಿಳಿಗೊಳಿಸುವ ಚೌಕಕ್ಕೆ, ಅಲ್ಲಿಂದ ಲೆಕ್ಕದ ಚೌಕಕ್ಕೆ, ಅಲ್ಲಿಂದ ನಾದಕ್ಕೆ. ಹೀಗೆ ಕಟ್ಟಿದ್ದನ್ನು ಪ್ಯಾಚ್ ಎನ್ನುತ್ತಾರೆ. ನುಡಿಸುತ್ತಿರುವಾಗಲೇ ಗೆರೆ ಕಿತ್ತು ಬೇರೆಡೆ ಸಿಕ್ಕಿಸಬಹುದು, ಬದಲಾವಣೆ ಆ ಕ್ಷಣವೇ ಕೇಳುತ್ತದೆ. ವಾದ್ಯವನ್ನೂ ಸಂಗೀತವನ್ನೂ ಒಟ್ಟಿಗೆ ರಚಿಸುವವರಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ.

ಲೆಟಿಷಿಯಾ ಸೊನಾಮಿ ಅಂಥವರಲ್ಲಿ ಒಬ್ಬರು. ಫ್ರಾನ್ಸಿನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯದಲ್ಲಿ ನೆಲೆಸಿದ ಈ ಕಲಾವಿದೆ 1991ರಲ್ಲಿ ಆಸ್ಟ್ರಿಯಾದ ಲಿಂಟ್ಸ್ ನಗರದ ಉತ್ಸವಕ್ಕೆಂದು, ಪಾಲ್ ಡಿಮಾರಿನಿಸ್ ಜೊತೆ ಸೇರಿ, ಪಾತ್ರೆ ತೊಳೆಯುವ ರಬ್ಬರ್ ಕೈಗವಸಿನಿಂದ ತಮ್ಮ ಮೊದಲ ವಾದ್ಯ ಮಾಡಿಕೊಂಡರು. ಒಂದು ಕೈಯ ಬೆರಳ ತುದಿಗಳಿಗೆ ಅಯಸ್ಕಾಂತದ ಬಲ ಅಳೆಯುವ ಸೆನ್ಸರ್, ಇನ್ನೊಂದು ಕೈಯಲ್ಲಿ ಅಯಸ್ಕಾಂತ. ಮುಂದಿನ ಆವೃತ್ತಿಗಳಲ್ಲಿ ರಬ್ಬರ್ ಹೋಗಿ ತೋಳಿನವರೆಗೆ ಏರುವ ಬಲೆಯಂಥ ಲೈಕ್ರಾ ಬಟ್ಟೆ ಬಂತು. ಬೆರಳ ಬಾಗು ಅಳೆಯುವ ಪಟ್ಟಿಗಳು, ತುದಿಗಳಲ್ಲಿ ಸೂಕ್ಷ್ಮ ಸ್ವಿಚ್ಚುಗಳು, ಒತ್ತಡ ಅರಿಯುವ ತುಣುಕು, ಇವೆಲ್ಲದರ ತಂತಿಗಳು ಬಟ್ಟೆಯ ಮೇಲೆ ಎದ್ದು ಕಾಣುವಂತೆ ಹಾಯುತ್ತವೆ. ಒಂದು ಬೆರಳನ್ನು ಬಾಗಿಸಿದರೆ ಪಕ್ಕದ್ದೂ ತುಸು ಬಾಗುತ್ತದೆ, ಅಂಗರಚನೆಯೇ ಹಾಗೆ. ಈ ಅಂಟುನಂಟನ್ನು ದೋಷವೆಂದು ತೆಗೆಯದೆ ನಾದದ ಹೆಣಿಗೆಯೊಳಗೆ ಸೇರಿಸಿಕೊಂಡಾಗಲೇ ಕೈಗವಸು ವಾದ್ಯವಾಗುವುದು.

ಕೈಗವಸನ್ನು ಕಲ್ಪಿತ ಲೋಕಕ್ಕೆ ಒಯ್ದ ಕಥೆಯೂ ಸಂಗೀತದ ಆಸೆಯಿಂದಲೇ ಹುಟ್ಟಿದೆ. ಕೈಯಲ್ಲಿಲ್ಲದ ಗಿಟಾರನ್ನು ನುಡಿಸಬೇಕೆಂಬ ಹಂಬಲದಿಂದ ಥಾಮಸ್ ಜಿಮ್ಮರ್‌ಮನ್ ಬೆರಳ ಬಾಗು ಅಳೆಯುವ ಕೈಗವಸು ಮಾಡಿದರು. ಅದು ಜರೋನ್ ಲೇನಿಯರ್ ಅವರ ವಿಪಿಎಲ್ ಕಂಪನಿಯ ಡೇಟಾಗ್ಲವ್ ಆಯಿತು. 1992ರಲ್ಲಿ ಶಿಕಾಗೋದ ಸಿಗ್ರಾಫ್ ಸಮ್ಮೇಳನದಲ್ಲಿ ಲೇನಿಯರ್ ಕಣ್ಣಿಗೆ ಪರದೆ ಕಟ್ಟಿ, ಒಂದು ಕೈಗೆ ಈ ಕೈಗವಸು ತೊಟ್ಟು, ಕಂಪ್ಯೂಟರಿನೊಳಗೆ ಮಾತ್ರ ಇದ್ದ ವಾದ್ಯಗಳನ್ನು ಸಭೆಯೆದುರು ನುಡಿಸಿದರು. ಅವರು ಕಾಣುತ್ತಿದ್ದುದನ್ನು ದೊಡ್ಡ ಪರದೆಯ ಮೇಲೆ ಸಭಿಕರೂ ಕಾಣುತ್ತಿದ್ದರು. ಒಂದು ವಾದ್ಯ ಒಂದರೊಳಗೊಂದು ಸಿಕ್ಕಿಸಿದ ಬಳೆಗಳ ಗೊಂಚಲಿನಂತಿತ್ತು; ಹಿಡಿದು ಆಡಿಸಿದರೆ ಬಳೆಗಳು ಉಜ್ಜಿ ನುಡಿಯುತ್ತಿದ್ದವು, ಕೈಬಿಟ್ಟರೂ ತಿರುಗುತ್ತಿದ್ದವು. ಇಲ್ಲದ ವಸ್ತುವಿಗೆ ತೂಕವಿಲ್ಲ, ಅದು ಬೆರಳನ್ನು ಎದುರೊತ್ತುವುದಿಲ್ಲ. ಹಾಗಾಗಿ ಸ್ಯಾಕ್ಸೊಫೋನಿನಂಥ ಇನ್ನೊಂದು ವಾದ್ಯ, ಹಿಡಿದ ಕೂಡಲೇ ತಾನೇ ಹೊರಳಿ ಬೆರಳುಗಳ ನಡುವೆ ಸರಿಯಾಗಿ ಕೂರುವಂತೆ ಅದರ ನಡವಳಿಕೆಯನ್ನು ರೂಪಿಸಿದ್ದರು. ಸ್ಪರ್ಶ ಮಾಡಬೇಕಾದ ಕೆಲಸವನ್ನು ವಾದ್ಯದ ನಡತೆಗೆ ಒಪ್ಪಿಸಿದ ಈ ಉಪಾಯ ಮೂರು ದಶಕ ಕಳೆದರೂ ಬೆರಗು ಹುಟ್ಟಿಸುತ್ತದೆ.

2007ರಲ್ಲಿ ಸೆಕೆಂಡ್ ಲೈಫ್ ಎಂಬ ಅಂತರ್ಜಾಲ ಲೋಕದೊಳಗೆ ಅವತಾರ್ ಆರ್ಕೆಸ್ಟ್ರಾ ಮೆಟಾವರ್ಸ್ ಎಂಬ ಮೇಳ ಶುರುವಾಯಿತು. ಬೇರೆ ಬೇರೆ ಖಂಡಗಳಲ್ಲಿ ಕುಳಿತ ಸಂಗೀತಗಾರರು ತಮ್ಮ ಪರದೆಯ ಬೊಂಬೆಗಳ ಮೂಲಕ ಅಲ್ಲಿ ಸೇರುತ್ತಾರೆ. ಸಂಯೋಜಕಿ ಪಾಲಿನ್ ಒಲಿವೆರೋಸ್ ಕೂಡ ಅದರಲ್ಲಿದ್ದರು. ಅಂತರ್ಜಾಲದ ತಡವು 10 ಮಿಲಿಸೆಕೆಂಡಿನ ಗೆರೆಯನ್ನು ಎಂದೋ ದಾಟಿರುತ್ತದೆ. ಒಂದೇ ತಾಳಕ್ಕೆ ಎಲ್ಲರೂ ಸೇರಲಾಗದು. ಹೀಗಾಗಿ ಇಂಥ ಮೇಳಕ್ಕೆ ನೀಳವಾಗಿ ನಿಲ್ಲುವ, ಒಂದರ ಮೇಲೊಂದು ನಿಧಾನವಾಗಿ ಹರಡುವ ನಾದಗಳೇ ಒಗ್ಗುತ್ತವೆ.

ಇತ್ತೀಚಿನ ತಿರುವೆಂದರೆ ಮ್ಯಾಪಿಂಗನ್ನು ಬರೆಯುವ ಬದಲು ಕಲಿಸುವುದು. 2009ರಲ್ಲಿ ಪ್ರಿನ್ಸ್‌ಟನ್ನಿನಲ್ಲಿದ್ದ ರೆಬೆಕಾ ಫೀಬ್ರಿಂಕ್ ರೂಪಿಸಿದ ವೆಕಿನೇಟರ್ ಎಂಬ ಸಾಫ್ಟ್‌ವೇರಿಗೆ ‘ಕೈ ಹೀಗಿದ್ದಾಗ ಈ ನಾದ, ಹಾಗಿದ್ದಾಗ ಆ ನಾದ’ ಎಂದು ಕೆಲವು ಉದಾಹರಣೆ ತೋರಿಸಿದರೆ ಸಾಕು. ನಡುವಿನ ದಾರಿಗಳನ್ನೆಲ್ಲ ಅದೇ ಊಹಿಸಿಕೊಳ್ಳುತ್ತದೆ. ಸೊನಾಮಿ ಕೈಗವಸನ್ನು ಬದಿಗಿಟ್ಟು ಕಟ್ಟಿದ ಸ್ಪ್ರಿಂಗ್ ಸ್ಪೈರ್ ಎಂಬ ವಾದ್ಯದಲ್ಲಿ ಇದೇ ಕೆಲಸ ಮಾಡುತ್ತದೆ. ಚಕ್ರವೊಂದಕ್ಕೆ ಬಿಗಿದ ತೆಳು ಸ್ಪ್ರಿಂಗುಗಳನ್ನು ಅವರು ಮೀಟುತ್ತಾರೆ, ಸವರುತ್ತಾರೆ. ಆ ಕಂಪನದ ಗುಣಗಳನ್ನು ವೆಕಿನೇಟರ್ ಓದಿ ಕಂಪ್ಯೂಟರಿನ ನಾದವನ್ನು ತಿದ್ದುತ್ತದೆ.

ಗಳಿಗೆಯಲ್ಲಿ ಹೊಸ ಮ್ಯಾಪಿಂಗ್ ಸಿಗುವಾಗ ಹಳೆಯದನ್ನು ಕೈಗೆ ಇಳಿಸಿಕೊಳ್ಳುವ ತಾಳ್ಮೆ ಉಳಿಯುವುದು ಕಷ್ಟ. ವೀಣೆ ಕಲಿಯುವವರ ವೀಣೆ ರಾತ್ರೋರಾತ್ರಿ ಬದಲಾಗುವುದಿಲ್ಲ. ಸಾಫ್ಟ್‌ವೇರಿನ ವಾದ್ಯ ಪ್ರತಿ ಸಂಜೆ ಬದಲಾಗಬಲ್ಲದು. ವೈಸ್‌ವಿಸ್ ಇದಕ್ಕೆ ಕಂಡುಕೊಂಡ ಮದ್ದು ಕಠಿಣವಾದದ್ದು. ವಾದ್ಯ ಒಂದು ಹಂತಕ್ಕೆ ಬಂದ ಮೇಲೆ ಅದರ ತಾಂತ್ರಿಕ ಕೆಲಸವನ್ನು ಪೂರ್ತಿ ನಿಲ್ಲಿಸಿಬಿಡುತ್ತಿದ್ದರು, ಕೆಲವೊಮ್ಮೆ ಎರಡು ವರ್ಷದ ಹತ್ತಿರ. ಆ ಅವಧಿಯಲ್ಲಿ ಸಂಯೋಜನೆ, ಕಚೇರಿ, ವಾದ್ಯದ ಮಿತಿಗಳ ಹುಡುಕಾಟ ಮಾತ್ರ. 2008ರಲ್ಲಿ ತೀರಿಕೊಳ್ಳುವವರೆಗಿನ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ ‘ದಿ ಹ್ಯಾಂಡ್ಸ್’ ಕಂಡ ಆವೃತ್ತಿಗಳು ಕೆಲವೇ ಕೆಲವು.