ದಿಮ್ಮಿಯಿಂದ ಹೆಚ್ಚು ಹಲಗೆ ಪಡೆಯುವ ಕ್ರಮ

ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಮನೆ ಕಟ್ಟಿಸುವವನು ಬಾಗಿಲು ಚೌಕಟ್ಟಿಗೆ ತೆರುವ ಬೆಲೆಯಲ್ಲಿ, ಕೊಯ್ಯುವಾಗ ಹೊಟ್ಟಾಗಿ ಹೋದ ಮರದ ಬೆಲೆಯೂ ಅಡಗಿರುತ್ತದೆ. ಈ ಊರಿಗೆ ಸಮೀಪವಾದ ತೇಗದ ಕಾಡುಗಳು ದಾಂಡೇಲಿ, ಹಳಿಯಾಳ, ಯಲ್ಲಾಪುರಗಳವು. 1996ರ ಡಿಸೆಂಬರ್ 12ರಂದು ಸರ್ವೋಚ್ಚ ನ್ಯಾಯಾಲಯವು ಗೋದಾವರ್ಮನ್ ಪ್ರಕರಣದಲ್ಲಿ ಆದೇಶವಿತ್ತ ಮೇಲೆ ಕಾಡಿನ ಮರ ಕಡಿಯುವುದಕ್ಕೂ ಸಾಮಿಲ್ಲು ನಡೆಸುವುದಕ್ಕೂ ಕಟ್ಟುಪಾಡು ಬಿಗಿಯಾಯಿತು. ಆದುದರಿಂದ ಕೈಗೆ ಬಂದ ದಿಮ್ಮಿಯನ್ನು ವ್ಯರ್ಥಮಾಡದೆ ಕೊಯ್ಯುವುದು ಮಿಲ್ಲಿನವರಿಗೂ ಕಾಡಿಗೂ ಹಿತಕರವು.

ನಷ್ಟದ ಮೊದಲನೆಯ ಕಾರಣ ಗರಗಸದ ಸೀಳಿನ ಅಗಲ. 300 ಮಿಲಿಮೀಟರ್ ದಪ್ಪದ ತೊಲೆಯಿಂದ 25 ಮಿಲಿಮೀಟರಿನ ಹಲಗೆಗಳನ್ನು ತೆಗೆಯುವಾಗ, ದಪ್ಪನಾದ ಚಕ್ರ ಗರಗಸವು ಪ್ರತಿ ಸೀಳಿಗೆ 6 ಮಿಲಿಮೀಟರ್ ತಿಂದರೆ 9 ಹಲಗೆಗಳು ಮಾತ್ರ ದೊರೆಯುವುವು. ತೆಳುವಾದ ಪಟ್ಟಿ ಗರಗಸವು 3 ಮಿಲಿಮೀಟರ್ ತಿಂದರೆ 10 ಹಲಗೆಗಳು ದೊರೆಯುವುವು. ಹತ್ತು ತೊಲೆಗಳಿಗೆ ಹತ್ತು ಹಲಗೆಗಳ ಲಾಭವಿದು. ಆದರೆ ಪಟ್ಟಿಯ ಬಿಗುವು ಸಡಿಲವಾದರೆ, ಹಲ್ಲು ಮೊಂಡಾದರೆ, ಹಲ್ಲುಗಳನ್ನು ಎಡಬಲಕ್ಕೆ ಸಮನಾಗಿ ಬಾಗಿಸದಿದ್ದರೆ ಕೊಯ್ತವು ಡೊಂಕಾಗಿ ಈ ಲಾಭವು ಕೀಸುಳಿಯ ಪಾಲಾಗುವುದು. ಗರಗಸವನ್ನು ಕಾಲಕಾಲಕ್ಕೆ ಅರದಿಂದ ಹರಿತಮಾಡತಕ್ಕದ್ದು.

ಎರಡನೆಯದು ದಿಮ್ಮಿಯ ಆಕಾರ. ದುಂಡಾದ ದಿಮ್ಮಿಯಿಂದ ಅತ್ಯಂತ ದೊಡ್ಡ ಚೌಕ ತೊಲೆಯನ್ನು ತೆಗೆದರೂ ನೂರಕ್ಕೆ ಸುಮಾರು 64 ಪಾಲು ಮಾತ್ರ ಬರುವುದು. ಉಳಿದ 36 ಪಾಲು ಬದಿಯ ಸೀಳುಗಳು. ಅವುಗಳನ್ನು ಸೌದೆಗೆ ಎಸೆಯದೆ ರೀಪು, ಪಟ್ಟಿ, ಪೆಟ್ಟಿಗೆ ಹಲಗೆಗಳಿಗೆ ಬಳಸಬೇಕು. ಡೊಂಕು ದಿಮ್ಮಿಯನ್ನು ಮೊದಲು ಬಾಗಿದ ಕಡೆಯಲ್ಲಿ ಅಡ್ಡ ತುಂಡರಿಸಿ ಅನಂತರ ಉದ್ದಕ್ಕೆ ಸೀಳುವುದು ಲೇಸು. ಯಾವ ಅಳತೆಯ ಮಾಲು ಬೇಕೆಂಬುದನ್ನು ಗುರುತು ಹಾಕುವ ಮೊದಲೇ ನಿಶ್ಚಯಿಸತಕ್ಕದ್ದು.

ಮೂರನೆಯದು ಒಣಗಿಸುವಿಕೆ. ಬೇಸಗೆಯ ಒಣ ಗಾಳಿಗೆ ದಿಮ್ಮಿಯ ತುದಿಗಳು ಬೇಗನೆ ಬಿರಿಯುವುವು. ತುದಿಗಳಿಗೆ ಡಾಂಬರನ್ನಾಗಲಿ ಮೇಣವನ್ನಾಗಲಿ ಬಳಿದು ನೆರಳಿನಲ್ಲಿಡಬೇಕು. ಕೊಯ್ದ ಹಲಗೆಗಳನ್ನು ನೆಲದಿಂದ ಮೇಲೆ, ಒಂದೇ ದಪ್ಪದ ಅಡ್ಡಪಟ್ಟಿಗಳನ್ನು ನಡುವೆ ಇಟ್ಟು ಪೇರಿಸಬೇಕು. ಅಡ್ಡಪಟ್ಟಿಗಳು ಒಂದರ ನೇರಕ್ಕೆ ಒಂದು ಬಾರದಿದ್ದರೆ ಹಲಗೆಯು ಬಾಗುವುದು. ಹಸಿ ಮರವು ಒಣಗಿದಾಗ ಕುಗ್ಗುವುದರಿಂದ ಕೊಯ್ಯುವಾಗಲೇ ಅದಕ್ಕೆ ತಕ್ಕಷ್ಟು ಹೆಚ್ಚು ದಪ್ಪ ಬಿಡಬೇಕು. ಅದಕ್ಕಿಂತ ಮಿಗಿಲಾಗಿ ಬಿಡಕೂಡದು.

ಕೆಲಸವನ್ನು ಚುರುಕುಗೊಳಿಸುವ ಆತುರದಲ್ಲಿ ಗರಗಸದ ಕಾಪು ಕವಚವನ್ನು ತೆಗೆಯಲೇಕೂಡದು. ಹೋದ ಹಲಗೆಗೆ ಬೇರೆ ಹಲಗೆ ಉಂಟು. ಹೋದ ಬೆರಳಿಗೆ ಬೇರೆ ಬೆರಳಿಲ್ಲ. ಪ್ರತಿ ದಿನ ಒಳಗೆ ಬಂದ ದಿಮ್ಮಿಯ ಅಳತೆಯನ್ನೂ ಹೊರಗೆ ಹೋದ ಹಲಗೆಯ ಅಳತೆಯನ್ನೂ ಒಂದೇ ಪುಸ್ತಕದಲ್ಲಿ ಬರೆದಿಟ್ಟರೆ ನಷ್ಟವು ಎಲ್ಲಿ ಆಗುತ್ತಿದೆಯೆಂಬುದು ತಿಂಗಳೊಳಗೆ ತಾನಾಗಿ ತಿಳಿದುಬರುವುದು.